ಪುಸ್ತಕದ ಬೆನ್ನಿಗೆ ಯಾವ ಹೆಸರು?

ನಮ್ಮ ಪುಟ್ಟ ಪ್ರಕಾಶನದ ಮೊದಲ ಪುಸ್ತಕದ 500 ಪ್ರತಿ ಬಂದಿಳಿದಾಗ ಒಂದನ್ನು ತೆಗೆದು ಮೂಸಿ ನೋಡಿದೆ. ಆಮೇಲೆ ಬೆನ್ನು, ಅಂದರೆ ಕಪಾಟಿನಲ್ಲಿಟ್ಟಾಗ ಹೊರಗೆ ಕಾಣುವ ಅಂಚು ನೋಡಿದೆ, ಎದೆ ಧಸಕ್ಕೆಂದಿತು.

ಮ್ಯಾನ್ಮಾರ್‌ನಲ್ಲಿ ಹುಟ್ಟಿ ಈಗ ಬೇರೆ ದೇಶದಲ್ಲಿ ನೆಲೆಸಿರುವ ಲೇಖಕಿಯೊಬ್ಬರ ಕತೆಗಳು ಅವು, ಬರ್ಮೀಸ್‌ನಿಂದ ಇಂಗ್ಲಿಷಿಗೆ ಬಂದಂಥವು. ಪುಸ್ತಕದ ಶೀರ್ಷಿಕೆಯೂ ಉದ್ದ, ಲೇಖಕಿಯ ಹೆಸರೂ ಉದ್ದ. ಎರಡನ್ನೂ ಬೆನ್ನಿನ ಮೇಲೆ ಹಿಡಿಸಲು ವಿನ್ಯಾಸಕಾರ ಹೆಸರಿನ ಕೊನೆಯ ಪದವನ್ನಷ್ಟೇ ಇಟ್ಟಿದ್ದ. ಕೊನೆಯದು ಅಂದಮೇಲೆ ಅದು ಸರ್‌ನೇಮ್ ಇರಬೇಕು ಅಂತ ಅವನ ಲೆಕ್ಕ. ಕರಡು ನೋಡಿ 'ಸರಿ' ಎಂದು ಸಹಿ ಹಾಕಿದವನು ನಾನೇ. ಬರ್ಮೀಸ್ ಹೆಸರುಗಳಲ್ಲಿ ಸರ್‌ನೇಮ್ ಅನ್ನುವುದೇ ಇಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಊ ಥಾಂಟ್ ಅವರ ಹೆಸರು ಬರೀ ಥಾಂಟ್. 'ಊ' ಅನ್ನುವುದು ನಮ್ಮ 'ಶ್ರೀ' ಇದ್ದ ಹಾಗೆ. ನಾವು ಲೇಖಕಿಯ ಹೆಸರನ್ನು ಕತ್ತರಿಸಿ ಬಾಲ ಮಾತ್ರ ಉಳಿಸಿದ್ದೆವು.

ಇದು ನನಗೆ ಹೊಳೆಯದೇ ಹೋದದ್ದಕ್ಕೆ ಇವತ್ತಿಗೂ ನಾಚಿಕೆ. ಇನಿಷಿಯಲ್ ಇಟ್ಟುಕೊಂಡೇ ಬೆಳೆದವನು ನಾನು. ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂನಲ್ಲಿ ಅಪ್ಪನ ಹೆಸರು ತುಂಬಿ, ಆಮೇಲೆ ಹೋದಲ್ಲೆಲ್ಲ ಅಪ್ಪನ ಹೆಸರಿಗೆ ಓಗೊಟ್ಟವನು.

ಗೆಳತಿ ಮತ್ತು ನಾನು, ಇಬ್ಬರೇ ಸೇರಿ ಈ ಪ್ರಕಾಶನ ಶುರು ಮಾಡಿದ್ದು. ಏಷ್ಯಾದ ಭಾಷೆಗಳ ಹೊಸ ಬರಹ, ಏಷ್ಯಾ ಬಿಟ್ಟು ಹೋದವರ ಮತ್ತು ಅವರ ಮಕ್ಕಳ ಬರಹ, ಇಷ್ಟೇ ನಮ್ಮ ವ್ಯಾಪ್ತಿ. ಧೈರ್ಯ ಬಂದದ್ದು ನಮಗಿಂತ ಮುಂಚೆ ಈ ದಾರಿ ಹಿಡಿದವರನ್ನು ನೋಡಿ. ಅಮೆರಿಕದ ಕಾಯಾ ಪ್ರೆಸ್ 1994ರಿಂದ ಏಷ್ಯನ್ ವಲಸಿಗರ ಬರಹವನ್ನೇ ಪ್ರಕಟಿಸುತ್ತ ಬಂದಿದೆ. ಗೀತಾಂಜಲಿ ಶ್ರೀ ಅವರ ಹಿಂದಿ ಕಾದಂಬರಿಗೆ 2022ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅದರ ಇಂಗ್ಲಿಷ್ ಪ್ರಕಾಶಕರು ಟಿಲ್ಟೆಡ್ ಆ್ಯಕ್ಸಿಸ್ ಎಂಬ ಪುಟ್ಟ ಸಂಸ್ಥೆ. 2025ರಲ್ಲಿ ನಮ್ಮ ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್' ಗೆದ್ದಾಗಲೂ ಅದನ್ನು ತಂದದ್ದು ಆ್ಯಂಡ್ ಅದರ್ ಸ್ಟೋರೀಸ್ ಎಂಬ ಇನ್ನೊಂದು ಸಣ್ಣ ಪ್ರಕಾಶನ. ಆ ಬಹುಮಾನದ 50,000 ಪೌಂಡ್ ಲೇಖಕರಿಗೂ ಅನುವಾದಕರಿಗೂ ಸಮಪಾಲು. ನಮ್ಮ ಕರಾರುಪತ್ರ ಬರೆಯುವಾಗ ಅದು ನೆನಪಿನಲ್ಲಿತ್ತು: ಅನುವಾದಕರ ಹೆಸರು ಮುಖಪುಟದ ಮೇಲೆ, ರಾಯಲ್ಟಿಯಲ್ಲೂ ಪಾಲು. ಪಾಲು ಅಂದರೆ ಎಷ್ಟು ಬಂತು ಅಂತ ಮಾತ್ರ ಕೇಳಬೇಡಿ. ಅಂಗಡಿ ಮತ್ತು ವಿತರಕರ ಕಮಿಷನ್ನಿಗೇ ಮುಖಬೆಲೆಯ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ, ಮಾರಾಟವಾಗದ ಪ್ರತಿಗಳು ಮೂಲೆ ಮಡಚಿಕೊಂಡು ವಾಪಸ್ ಬರುತ್ತವೆ.

ಹಸ್ತಪ್ರತಿ ಕೈಗೆ ಬಂದಾಗ ಕೊನೆಗೆ ಆರು ಪುಟದ ಪದಕೋಶವಿತ್ತು. ಬರ್ಮೀಸ್ ಪದಗಳೆಲ್ಲ ಓರೆ (ಇಟಾಲಿಕ್) ಅಕ್ಷರದಲ್ಲಿದ್ದವು. ಅನುವಾದಕರು ಹಿಂದೆ ಕೆಲಸ ಮಾಡಿದ್ದ ಪ್ರಕಾಶಕರು ಹಾಗೆಯೇ ಕೇಳುತ್ತಿದ್ದರಂತೆ. ಅಜ್ಜಿ ಮೊಮ್ಮಗಳನ್ನು ಊಟಕ್ಕೆ ಕರೆಯುವ ಒಂದು ಸಾಲಿನಲ್ಲಿ ತಿಂಡಿಯ ಹೆಸರು ಮಾತ್ರ ಓರೆಯಾಗಿ ನಿಂತಿತ್ತು. ಅಜ್ಜಿಗೇನು ಆ ತಿಂಡಿ ಅಪರೂಪವೇ? ಅದು ಅಪರೂಪ ಅಂತ ಅಂದುಕೊಳ್ಳುವ ಓದುಗನೊಬ್ಬ ಅವಳ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾನೆ ಅಂತ ಅನ್ನಿಸಿತು. 'ಹಾರ್ಟ್ ಲ್ಯಾಂಪ್' ಅನುವಾದಿಸಿದ ದೀಪಾ ಭಾಸ್ತಿ ಓರೆ ಅಕ್ಷರದ ವಿರುದ್ಧವೇ ಪುಸ್ತಕದ ಕೊನೆಗೆ ಟಿಪ್ಪಣಿ ಬರೆದಿದ್ದಾರೆ. ನಾವೂ ಓರೆಯನ್ನು ನೆಟ್ಟಗೆ ಮಾಡಿದೆವು, ಪದಕೋಶ ಕಿತ್ತುಹಾಕಿದೆವು. ಸತ್ಯ ಹೇಳಬೇಕೆಂದರೆ ಇದರಲ್ಲಿ ಸಿದ್ಧಾಂತ ಅರ್ಧ, ಕಾಗದದ ಲೆಕ್ಕ ಅರ್ಧ. ನಮ್ಮ ಮುದ್ರಕರದು 16 ಪುಟದ ಫಾರಂ, ಅಂದರೆ ಒಂದು ದೊಡ್ಡ ಹಾಳೆ ಮಡಚಿದರೆ 16 ಪುಟ. ಪದಕೋಶ ಸೇರಿದರೆ 166 ಪುಟ, ಅಂದರೆ ಹನ್ನೊಂದನೇ ಫಾರಂ ಮುಟ್ಟಿ ಹತ್ತು ಪುಟ ಖಾಲಿ. ತೆಗೆದರೆ ಸರಿಯಾಗಿ ಹತ್ತು ಫಾರಂ. ಅನುವಾದಕರಿಗೆ ಸಿದ್ಧಾಂತದ ಅರ್ಧವನ್ನು ಮಾತ್ರ ಹೇಳಿದೆ.

ಹೆಚ್ಚು ಸತಾಯಿಸಿದ್ದು ಅರ್ಪಣೆಯ ಪುಟ. ಲೇಖಕಿ ತಮ್ಮ ತಾಯಿಗೆ ಎರಡು ಸಾಲನ್ನು ಬರ್ಮೀಸ್ ಲಿಪಿಯಲ್ಲೇ ಅಚ್ಚು ಮಾಡಿ ಎಂದಿದ್ದರು. ಫೈಲು ತೆರೆದರೆ ಅಕ್ಷರಗಳೆಲ್ಲ ಕಲಸುಮೇಲೋಗರ. ಅದು ಝಾಜಿ ಎಂಬ ಹಳೆಯ ಫಾಂಟಿನಲ್ಲಿ ಟೈಪಾಗಿತ್ತು. ಎಲ್ಲ ಲಿಪಿಗಳಿಗೂ ಸಲ್ಲುವ ಏಕರೂಪದ ಅಕ್ಷರಸಂಕೇತವಾದ ಯೂನಿಕೋಡಿಗೆ ಮ್ಯಾನ್ಮಾರ್ ಅಧಿಕೃತವಾಗಿ ಬಂದದ್ದು 2019ರಲ್ಲಿ. ಅದಕ್ಕಿಂತ ಹಿಂದಿನ ಕಡತಗಳು ತುಂಬ ಜನರ ಹತ್ತಿರ ಹೀಗೇ ಉಳಿದಿವೆ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೇ ಫೈಲುಗಳ ಜೊತೆ ಒದ್ದಾಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಸಿದೆ. ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶಕ್ಕೆ ತಂದರೆ ಸ್ವರಚಿಹ್ನೆಗಳು ಅಕ್ಷರ ಬಿಟ್ಟು ಪಕ್ಕಕ್ಕೆ ಹಾರಿ ಕೂತವು. ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ 'ವರ್ಲ್ಡ್-ರೆಡಿ' ಕಂಪೋಸರ್ ಆರಿಸಬೇಕು ಅಂತ ಗೊತ್ತಾಗಲು ಒಂದು ರಾತ್ರಿ ಹಿಡಿಯಿತು. ಕನ್ನಡದ ಒತ್ತಕ್ಷರ ಒಡೆದು ಬರುವುದಕ್ಕೂ ಮದ್ದು ಅದೇ. ಆದರೂ ನಂಬಲಿಲ್ಲ. ಓದಲು ಬಾರದ ಲಿಪಿಯ ಕರಡು ತಿದ್ದುವುದು ಹೇಗೆ? ಆ ಪುಟವನ್ನು ಚಿತ್ರವಾಗಿ ಲೇಖಕಿಗೆ ಕಳಿಸಿದೆ. ಅವರು ಅದನ್ನು ಅವರ ಅಮ್ಮನಿಗೇ ಕಳಿಸಿದರು. ಅಮ್ಮ ಒಂದು ಚುಕ್ಕಿ ತಪ್ಪಿದೆ ಎಂದರು.

ಒಂದು ಚುಕ್ಕಿಗಾಗಿ ಮೂರು ದಿನ ಕಾದವರು ಬೆನ್ನಿನ ಮೇಲಿನ ಇಡೀ ಹೆಸರನ್ನು ಮಾತ್ರ ನೋಡಲೇ ಇಲ್ಲ.

ಕ್ಷಮೆ ಕೇಳಿ ಪತ್ರ ಬರೆದೆ. "ವೀಸಾ ಫಾರಂ ತುಂಬುವಾಗಲೂ ಹೀಗೇ ಆಗುತ್ತದೆ, ಆದರೆ ಅಲ್ಲಿ ಪುಸ್ತಕ ಕೊಡುವುದಿಲ್ಲ," ಎಂದು ಉತ್ತರ ಬಂತು. ನಕ್ಕರೋ ನೊಂದರೋ ತಿಳಿಯಲಿಲ್ಲ. ಮುಖಪುಟ ಮತ್ತೆ ಅಚ್ಚು ಹಾಕಿಸುವಷ್ಟು ದುಡ್ಡಿರಲಿಲ್ಲ, ಆ 500 ಪ್ರತಿ ಹಾಗೇ ಹೋದವು. ವಿತರಕರ ಮಾಹಿತಿ ಫಾರಂ ಬೇರೆ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಮುಂದಕ್ಕೇ ಹೋಗುತ್ತಿರಲಿಲ್ಲ. ಕೊನೆಗೆ ಪೂರ್ತಿ ಹೆಸರನ್ನು ಆ ಒಂದೇ ಡಬ್ಬಿಯಲ್ಲಿ ತುರುಕಿದೆ.

ಈಗ ಪ್ರತಿ ಲೇಖಕರಿಗೂ ಕರಾರುಪತ್ರದ ಜೊತೆ ಒಂದು ಹಾಳೆ ಕಳಿಸುತ್ತೇವೆ: ಬೆನ್ನಿನ ಮೇಲೆ ಹೆಸರು ಹೇಗಿರಬೇಕು, ಗ್ರಂಥಾಲಯದ ಅಕಾರಾದಿಯಲ್ಲಿ ಯಾವ ಅಕ್ಷರದಡಿ ಬರಬೇಕು, ಮಾತಿನಲ್ಲಿ ಏನೆಂದು ಕರೆಯಬೇಕು. ಕೊರಿಯಾ, ವಿಯೆಟ್ನಾಂ ಮೂಲದವರಲ್ಲಿ ಮನೆತನದ ಹೆಸರು ಮೊದಲು. ಆದರೆ ಹೊರದೇಶದಲ್ಲಿ ಬೆಳೆದ ಕೆಲವರು ತಿರುಗಿಸಿ ಬರೆಯುತ್ತಾರೆ. ಮಲಯ್ ಲೇಖಕರೊಬ್ಬರು 'ಬಿನ್' ಆದಮೇಲಿನದು ಅಪ್ಪನ ಹೆಸರು, ಅಪ್ಪ ಏನೂ ಬರೆದಿಲ್ಲ, ಅವರನ್ನು ಬೆನ್ನಿಗೆ ಹಾಕಬೇಡಿ ಎಂದು ಬರೆದು ಕಳಿಸಿದರು.

ಮರುಮುದ್ರಣ 300 ಪ್ರತಿ. ಬೆನ್ನಿನ ಅಕ್ಷರ ಎರಡು ಪಾಯಿಂಟ್ ಚಿಕ್ಕದು, ಹೆಸರು ಪೂರ್ತಿ.