ಸ್ಯಾಲರಿ ಕ್ಯಾಪ್‌ನೊಳಗೆ ಫುಟ್‌ಬಾಲ್ ತಂಡ ಕಟ್ಟುವುದು ಹೇಗೆ? ಡೆನ್ವರ್ ಬ್ರಾಂಕೋಸ್‌ನ 2024ರ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಪಂದ್ಯಗಳು ನಡೆಯುವುದು ಸೆಪ್ಟೆಂಬರ್‌ನಿಂದ ಫೆಬ್ರುವರಿಯವರೆಗೆ ಮಾತ್ರ. ಮೈದಾನ ಖಾಲಿ ಇರುವ ಉಳಿದ ಆರೇಳು ತಿಂಗಳಲ್ಲಿ 32 ತಂಡಗಳ ಜನರಲ್ ಮ್ಯಾನೇಜರ್‌ಗಳು ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಡ್ರಾಫ್ಟ್‌ನಲ್ಲಿ (ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಯಾರನ್ನು ಆರಿಸಬೇಕು ಎಂಬುದನ್ನು ತೀರ್ಮಾನಿಸುತ್ತಾರೆ. ಈ ತೀರ್ಮಾನಗಳು ಯಾವ ಕ್ರಮದಲ್ಲಿ ನಡೆಯುತ್ತವೆ, ಪ್ರತಿ ಹಂತದಲ್ಲೂ ಲೆಕ್ಕ ಹಾಕುವುದು ಹೇಗೆ ಎಂಬುದನ್ನು ಡೆನ್ವರ್ ಬ್ರಾಂಕೋಸ್ ತಂಡದ 2024ರ ಉದಾಹರಣೆಯೊಂದಿಗೆ ಇಲ್ಲಿ ವಿವರಿಸಲಾಗಿದೆ. ಆ ವರ್ಷ ಡೆನ್ವರ್‌ನ ಕೈ ಕಟ್ಟಿಹೋಗಿತ್ತು. ಎಲ್ಲ ನಿಯಮಗಳೂ ಬಿಗಿಯಾಗಿ ಕಾಣಿಸಿಕೊಳ್ಳುವುದು ಇಂಥ ತಂಡದ ಲೆಕ್ಕದಲ್ಲಿಯೇ.

ಮೊದಲು ಮಿತಿಯನ್ನು ತಿಳಿದುಕೊಳ್ಳಿ

ಒಂದು ತಂಡ ತನ್ನ ಆಟಗಾರರ ಲೆಕ್ಕಕ್ಕೆ ವರ್ಷಕ್ಕೆ ಇಷ್ಟೇ ಹಣ ಹಾಕಬಹುದು ಎಂಬ ಮಿತಿಯೇ ಸ್ಯಾಲರಿ ಕ್ಯಾಪ್. 1994ರಲ್ಲಿ ಇದು ಜಾರಿಗೆ ಬಂದಾಗ 3.46 ಕೋಟಿ ಡಾಲರ್ ಇತ್ತು, 2024ರಲ್ಲಿ 25.54 ಕೋಟಿ ಡಾಲರ್, 2025ರಲ್ಲಿ 27.92 ಕೋಟಿ ಡಾಲರ್ ಆಯಿತು. ಲೀಗ್‌ನ ಆದಾಯದಲ್ಲಿ ಆಟಗಾರರಿಗೆ ಸಲ್ಲಬೇಕಾದ ಪಾಲನ್ನು ಆಧರಿಸಿ ಮಿತಿ ನಿಗದಿಯಾಗುವುದರಿಂದ ಅದು ಸಾಮಾನ್ಯವಾಗಿ ಏರುತ್ತಲೇ ಹೋಗುತ್ತದೆ. ಆದರೆ ಕೋವಿಡ್ ಕಾಲದಲ್ಲಿ ಪ್ರೇಕ್ಷಕರಿಲ್ಲದೆ ಆದಾಯ ಕುಸಿದ ಕಾರಣ 2021ರಲ್ಲಿ 19.82 ಕೋಟಿಯಿಂದ 18.25 ಕೋಟಿಗೆ ಇಳಿದಿತ್ತು.

ಐಪಿಎಲ್ ಹರಾಜು ನೋಡಿದವರಿಗೆ ಇದು 2025ರ ಋತುವಿಗಿದ್ದ 120 ಕೋಟಿ ರೂಪಾಯಿಯ ಪರ್ಸ್‌ನಂತೆ ಕಾಣಬಹುದು, ಆದರೆ ಹೋಲಿಕೆ ಅರ್ಧಕ್ಕೇ ನಿಲ್ಲುತ್ತದೆ. ಐಪಿಎಲ್‌ನಲ್ಲಿ ಆಟಗಾರನ ಬೆಲೆ ಪೂರ್ತಿಯಾಗಿ ಆ ವರ್ಷದ ಪರ್ಸ್‌ನಿಂದಲೇ ಕಳೆಯುತ್ತದೆ. ಎನ್‌ಎಫ್‌ಎಲ್‌ನಲ್ಲಿ ಆಟಗಾರನ ಕೈಗೆ ಹಣ ಸೇರುವ ವರ್ಷವೇ ಬೇರೆ, ಅದು ಕ್ಯಾಪ್ ಲೆಕ್ಕಕ್ಕೆ ಬರುವ ವರ್ಷವೇ ಬೇರೆಯಾಗಿರಬಹುದು. ಆದ್ದರಿಂದ ಜನರಲ್ ಮ್ಯಾನೇಜರ್ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಖರ್ಚು ಮಾಡಲಿ’ ಎಂಬುದಲ್ಲ, ‘ಯಾವ ವರ್ಷದ ಲೆಕ್ಕಕ್ಕೆ ಬರೆಯಲಿ’ ಎಂಬುದು. ಕ್ಯಾಪ್ ಎಂಬುದೇ ಬರೀ ಕಾಗದದ ಲೆಕ್ಕ ಎಂದು ವಾದಿಸುವ ಅಭಿಮಾನಿಗಳಿದ್ದಾರೆ. ಕಾಗದದ ಲೆಕ್ಕವೆಂಬುದು ನಿಜ, ಆದರೆ ಅದರಲ್ಲಿ ಬರೆದ ಬಾಕಿ ಒಂದಲ್ಲ ಒಂದು ವರ್ಷ ತೀರಲೇಬೇಕು.

ಒಂದು ಒಪ್ಪಂದವನ್ನು ಬಿಡಿಸಿ ನೋಡುವುದು

ಕಲ್ಪಿತ ಲೆಕ್ಕವೊಂದನ್ನು ತೆಗೆದುಕೊಳ್ಳೋಣ. ಆಟಗಾರನೊಬ್ಬ 4 ವರ್ಷಕ್ಕೆ 8 ಕೋಟಿ ಡಾಲರ್‌ಗೆ ಸಹಿ ಹಾಕಿದ್ದಾನೆ. ಅದರಲ್ಲಿ 4 ಕೋಟಿ ಸಹಿಯ ಸಮಯದಲ್ಲೇ ಕೊಡುವ ಸೈನಿಂಗ್ ಬೋನಸ್. ಉಳಿದ 4 ಕೋಟಿ ಕ್ರಮವಾಗಿ 20 ಲಕ್ಷ, 80 ಲಕ್ಷ, 1.4 ಕೋಟಿ ಮತ್ತು 1.6 ಕೋಟಿಯಂತೆ ವರ್ಷದ ಸಂಬಳ. ಬೋನಸ್ ಹಣ ಮೊದಲೇ ಕೈಸೇರಿದರೂ ಕ್ಯಾಪ್‌ನಲ್ಲಿ ಅದನ್ನು ಒಪ್ಪಂದದ ಅವಧಿಗೆ, ಗರಿಷ್ಠ 5 ವರ್ಷಗಳಿಗೆ, ಸಮನಾಗಿ ಹಂಚಲಾಗುತ್ತದೆ. ಹೀಗಾಗಿ ಪ್ರತಿ ವರ್ಷದ ಸಂಬಳಕ್ಕೆ ಬೋನಸ್‌ನ 1 ಕೋಟಿ ಸೇರಿ ಕ್ಯಾಪ್ ಲೆಕ್ಕ 1.2, 1.8, 2.4 ಮತ್ತು 2.6 ಕೋಟಿ ಆಗುತ್ತದೆ.

ಎರಡು ವರ್ಷ ಆಡಿದ ಮೇಲೆ ಈ ಆಟಗಾರ ಸಾಕೆನಿಸಿತು ಎಂದುಕೊಳ್ಳಿ. ಅವನನ್ನು ಬಿಟ್ಟರೆ ಮೂರನೇ ವರ್ಷದ 2.4 ಕೋಟಿಯೂ ಉಳಿಯುತ್ತದೆ ಎಂದು ಭಾವಿಸುವಂತಿಲ್ಲ. ಇನ್ನೂ ಲೆಕ್ಕಕ್ಕೆ ಬಾರದ ಬೋನಸ್‌ನ 2 ಕೋಟಿ ಒಮ್ಮೆಗೇ ಆ ವರ್ಷದ ಮೇಲೆ ಬಂದು ಕೂರುತ್ತದೆ. ಉಳಿಯುವುದು ಕೇವಲ 40 ಲಕ್ಷ. ತಂಡದಲ್ಲೇ ಇಲ್ಲದ ಆಟಗಾರನಿಗಾಗಿ ಕ್ಯಾಪ್‌ನಲ್ಲಿ ಹೀಗೆ ಉಳಿದುಬಿಡುವ ಮೊತ್ತವನ್ನೇ ಡೆಡ್ ಮನಿ ಎನ್ನುತ್ತಾರೆ. ಜೂನ್ 1ರ ನಂತರ ಬಿಟ್ಟರೆ ಇದು ಎರಡು ವರ್ಷಗಳಿಗೆ ತಲಾ 1 ಕೋಟಿಯಂತೆ ಹಂಚಿಹೋಗಿ, ಮೂರನೇ ವರ್ಷದಲ್ಲಿ 1.4 ಕೋಟಿ ಉಳಿಯುತ್ತದೆ. ವರ್ಷಕ್ಕೆ ಇಬ್ಬರು ಆಟಗಾರರನ್ನು ಮಾರ್ಚ್‌ನಲ್ಲೇ ಬಿಟ್ಟು ‘ಜೂನ್ 1ರ ನಂತರ’ ಎಂದು ದಾಖಲಿಸಲು ಅವಕಾಶವಿದೆ, ಆದರೆ ಆ ಉಳಿತಾಯ ಜೂನ್‌ವರೆಗೆ ಬಳಕೆಗೆ ಸಿಗುವುದಿಲ್ಲ. ಆ ವೇಳೆಗೆ ಒಳ್ಳೆಯ ಆಟಗಾರರೆಲ್ಲ ಬೇರೆ ತಂಡಗಳಿಗೆ ಸಹಿ ಹಾಕಿ ಆಗಿರುತ್ತದೆ.

ಅವನನ್ನು ಉಳಿಸಿಕೊಂಡೇ ಜಾಗ ಮಾಡಿಕೊಳ್ಳುವ ದಾರಿಯೂ ಇದೆ. ಮೂರನೇ ವರ್ಷದ 1.4 ಕೋಟಿ ಸಂಬಳದಲ್ಲಿ 1.2 ಕೋಟಿಯನ್ನು ಬೋನಸ್ ಆಗಿ ಬದಲಾಯಿಸಿದರೆ ಅದು ಉಳಿದ ಎರಡು ವರ್ಷಗಳಿಗೆ ತಲಾ 60 ಲಕ್ಷದಂತೆ ಹಂಚಿಕೆಯಾಗಿ, ಆ ವರ್ಷದ ಲೆಕ್ಕ 2.4 ಕೋಟಿಯಿಂದ 1.8 ಕೋಟಿಗೆ ಇಳಿಯುತ್ತದೆ, ಮರುವರ್ಷದ್ದು 3.2 ಕೋಟಿಗೆ ಏರುತ್ತದೆ. ಇದನ್ನು ರೀಸ್ಟ್ರಕ್ಚರ್ ಎನ್ನುತ್ತಾರೆ. ಆಟಗಾರನಿಗೆ ಇದರಿಂದ ನಷ್ಟವಿಲ್ಲ, ಹಣ ಬೇಗ ಕೈಸೇರುತ್ತದೆ. ಒಪ್ಪಂದದ ಕೊನೆಗೆ ಆಟಗಾರ ಆಡಲೇ ಬೇಕಿಲ್ಲದ ಮೂರು ವಾಯ್ಡ್ ವರ್ಷಗಳನ್ನು ಸೇರಿಸಿದರಂತೂ ಮೂರನೇ ವರ್ಷದ ಲೆಕ್ಕ 1.44 ಕೋಟಿಗೇ ಬಂದು ನಿಲ್ಲುತ್ತದೆ, ಆದರೆ ಒಪ್ಪಂದ ಮುಗಿದ ಮರುವರ್ಷ 72 ಲಕ್ಷ ಡೆಡ್ ಮನಿ ಬಾಗಿಲಲ್ಲಿ ಕಾದಿರುತ್ತದೆ. ಪ್ರಶಸ್ತಿ ಗೆಲ್ಲುವ ಹಂತದಲ್ಲಿರುವ ತಂಡ ಹೀಗೆ ಮಾಡುವುದಕ್ಕೆ ಅರ್ಥವಿದೆ. ಆರನೇ ಸ್ಥಾನದಿಂದ ಐದನೆಯದಕ್ಕೆ ಏರಲು ಇದೇ ಉಪಾಯ ಮಾಡುವವರನ್ನು ಕಂಡಾಗ ಬೆರಗಾಗುತ್ತದೆ.

ಬಿಡಬೇಕಾದವರನ್ನು ಬಿಡುವುದು

ಈಗ ಡೆನ್ವರ್‌ಗೆ ಬರೋಣ. 2022ರ ಮಾರ್ಚ್‌ನಲ್ಲಿ ಈ ತಂಡ ಸಿಯಾಟಲ್‌ನಿಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ) ರಸೆಲ್ ವಿಲ್ಸನ್ ಅವರನ್ನು ಪಡೆಯಲು ಎರಡು ಮೊದಲ ಸುತ್ತಿನ, ಎರಡು ಎರಡನೇ ಸುತ್ತಿನ ಮತ್ತು ಒಂದು ಐದನೇ ಸುತ್ತಿನ ಡ್ರಾಫ್ಟ್ ಆಯ್ಕೆಯ ಜೊತೆಗೆ ಮೂವರು ಆಟಗಾರರನ್ನು ಕೊಟ್ಟಿತು. ಡೆನ್ವರ್ ಪರ ಒಂದು ಪಂದ್ಯವನ್ನೂ ಆಡುವ ಮೊದಲೇ, ಸೆಪ್ಟೆಂಬರ್‌ನಲ್ಲಿ, ಅವರಿಗೆ 5 ವರ್ಷಗಳ 24.5 ಕೋಟಿ ಡಾಲರ್‌ನ ಹೊಸ ಒಪ್ಪಂದ ಸಿಕ್ಕಿತು. ಎರಡು ಋತು ಕಳೆಯುವಷ್ಟರಲ್ಲಿ ಕೋಚ್ ಶಾನ್ ಪೇಟನ್, ವಿಲ್ಸನ್ ಅವರನ್ನು ಕೊನೆಯ ಎರಡು ಪಂದ್ಯಗಳಿಗೆ ಬೆಂಚ್ ಮೇಲೆ ಕೂರಿಸಿದ್ದರು.

ಇಲ್ಲಿ ತೀರ್ಮಾನಕ್ಕೆ ಒಂದು ದಿನಾಂಕವಿತ್ತು. 2024ರ ಮಾರ್ಚ್ 17ರಂದು ವಿಲ್ಸನ್ ತಂಡದಲ್ಲೇ ಇದ್ದರೆ ಅವರ 2025ರ 3.7 ಕೋಟಿ ಡಾಲರ್ ಸಂಬಳವೂ ಖಾತರಿಯಾಗುತ್ತಿತ್ತು. ಅದಕ್ಕೆ ಮೊದಲೇ ಬಿಟ್ಟರೆ 8.5 ಕೋಟಿ ಡಾಲರ್ ಡೆಡ್ ಮನಿ. ಲೀಗ್‌ನ ಇತಿಹಾಸದಲ್ಲಿ ಅಲ್ಲಿಯವರೆಗೆ ಒಬ್ಬನೇ ಆಟಗಾರನಿಗಾಗಿ ಯಾವ ತಂಡವೂ ಇಷ್ಟು ಹೊತ್ತಿರಲಿಲ್ಲ. ಜನರಲ್ ಮ್ಯಾನೇಜರ್ ಜಾರ್ಜ್ ಪೇಟನ್ ಮತ್ತು ಕೋಚ್ ಪೇಟನ್ (ಹೆಸರು ಒಂದೇ ಥರ ಕೇಳಿಸಿದರೂ ಇವರು ಸಂಬಂಧಿಕರಲ್ಲ) ಎರಡನೆಯದನ್ನೇ ಆರಿಸಿಕೊಂಡರು. ಜೂನ್ 1ರ ನಂತರದ ಬಿಡುಗಡೆ ಎಂದು ದಾಖಲಿಸಿದ್ದರಿಂದ 2024ರ ಮೇಲೆ ಸುಮಾರು 5.3 ಕೋಟಿ, 2025ರ ಮೇಲೆ ಸುಮಾರು 3.2 ಕೋಟಿ ಬಿತ್ತು. ಅಂದರೆ 2024ರ ಮಿತಿಯ ಐದನೆಯ ಒಂದು ಭಾಗಕ್ಕೂ ಹೆಚ್ಚು ಹಣ, ಬೇರೆ ತಂಡಕ್ಕೆ ಆಡುತ್ತಿರುವ ಒಬ್ಬನ ಹೆಸರಿನಲ್ಲಿತ್ತು. ವಿಲ್ಸನ್ ಕನಿಷ್ಠ ಸಂಬಳವಾದ 12.1 ಲಕ್ಷ ಡಾಲರ್‌ಗೆ ಪಿಟ್ಸ್‌ಬರ್ಗ್ ಸೇರಿದರು. ಅವರಿಗೆ 2024ಕ್ಕೆ ಖಾತರಿಯಾಗಿದ್ದ 3.9 ಕೋಟಿಯಲ್ಲಿ ಆ ಮೊತ್ತವನ್ನು ಕಳೆದು ಉಳಿದದ್ದನ್ನು ಡೆನ್ವರ್ ಕೊಟ್ಟಿತು.

ಇಷ್ಟು ಭಾರ ಹೊತ್ತ ಮೇಲೆ ಉಳಿದವರ ಮೇಲೂ ಕತ್ತರಿ ಬೀಳಲೇಬೇಕಾಯಿತು. ಎಂಟು ಋತುಗಳ ಕಾಲ ಆಡಿದ್ದ ಸೇಫ್ಟಿ (ಹಿಂಭಾಗದ ರಕ್ಷಣಾ ಆಟಗಾರ) ಜಸ್ಟಿನ್ ಸಿಮನ್ಸ್ ಅವರನ್ನು ಬಿಟ್ಟಿದ್ದರಿಂದ 1.45 ಕೋಟಿ ಉಳಿಯಿತು. ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಜೆರ್ರಿ ಜ್ಯೂಡಿ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಐದನೇ ಮತ್ತು ಆರನೇ ಸುತ್ತಿನ ಒಂದೊಂದು ಆಯ್ಕೆಯನ್ನು ಪಡೆಯಲಾಯಿತು. ಮೊದಲ ಸುತ್ತಿನಲ್ಲಿ ಆರಿಸಿದ್ದ ಆಟಗಾರನಿಗೆ ಇದು ತೀರ ಕಡಿಮೆ ಬೆಲೆ, ಆದರೆ ಅವರ ಸುಮಾರು 1.3 ಕೋಟಿ ಸಂಬಳ ಪುಸ್ತಕದಿಂದ ಹೋಯಿತು.

ಬಿಟ್ಟುಹೋಗುವವರನ್ನು ತಡೆಯುವುದು

ನಾಲ್ಕು ಋತು ಪೂರೈಸಿ ಒಪ್ಪಂದ ಮುಗಿದ ಆಟಗಾರ ಮಾರ್ಚ್ ಮಧ್ಯದಲ್ಲಿ ಫ್ರೀ ಏಜೆಂಟ್ ಆಗುತ್ತಾನೆ, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ತಂಡದ ಬಳಿ ಇರುವ ತಡೆ ಎಂದರೆ ಫ್ರಾಂಚೈಸ್ ಟ್ಯಾಗ್. ವರ್ಷಕ್ಕೆ ಒಬ್ಬನಿಗೆ ಇದನ್ನು ಹಾಕಿ, ಆ ಸ್ಥಾನದ ಅಗ್ರ ಆಟಗಾರರ ಲೆಕ್ಕದ ಆಧಾರದ ಮೇಲೆ ನಿಗದಿಯಾದ ದೊಡ್ಡ ಸಂಬಳ ಕೊಟ್ಟು ಒಂದು ವರ್ಷ ಹಿಡಿದಿಟ್ಟುಕೊಳ್ಳಬಹುದು. ಎರಡನೇ ಬಾರಿ ಹಾಕಿದರೆ ಹಿಂದಿನ ಮೊತ್ತದ ಕನಿಷ್ಠ 120% ಕೊಡಬೇಕು. ವಾಷಿಂಗ್ಟನ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಕರ್ಕ್ ಕಸಿನ್ಸ್ ಅವರಿಗೆ 2016ರಲ್ಲಿ 1.995 ಕೋಟಿ, 2017ರಲ್ಲಿ 2.394 ಕೋಟಿ ಕೊಟ್ಟು, 2018ರಲ್ಲಿ ಬರಿಗೈಯಲ್ಲಿ ಉಳಿಯಿತು. ಕಸಿನ್ಸ್ ಪೂರ್ತಿ ಖಾತರಿಯ 8.4 ಕೋಟಿ ಡಾಲರ್‌ಗೆ ಮಿನೆಸೋಟ ಸೇರಿದರು. ಟ್ಯಾಗ್ ಎಂಬುದು ತೀರ್ಮಾನವನ್ನು ಮುಂದೂಡುವ ಸಾಧನವೇ ಹೊರತು ತೀರ್ಮಾನವಲ್ಲ.

ಡೆನ್ವರ್ ತನ್ನ ಸೆಂಟರ್ (ದಾಳಿ ಸಾಲಿನ ನಡುವಿನ ಆಟಗಾರ) ಲಾಯ್ಡ್ ಕುಶೆನ್‌ಬೆರಿ ಅವರನ್ನು ತಡೆಯಲಿಲ್ಲ. ಟೆನೆಸ್ಸೀ ಅವರಿಗೆ 4 ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟಿತು. ಆ ಬೆಲೆಗೆ ಸ್ಪರ್ಧಿಸುವ ಸ್ಥಿತಿಯಲ್ಲಿ ಡೆನ್ವರ್ ಇರಲಿಲ್ಲ. ತಾನು ಖರೀದಿಸಿದ್ದಕ್ಕಿಂತ ಹೆಚ್ಚು ಫ್ರೀ ಏಜೆಂಟ್‌ಗಳನ್ನು ಕಳೆದುಕೊಂಡ ತಂಡಕ್ಕೆ ಮುಂದಿನ ವರ್ಷದ ಡ್ರಾಫ್ಟ್‌ನಲ್ಲಿ ಮೂರರಿಂದ ಏಳನೇ ಸುತ್ತಿನ ನಡುವೆ ಪರಿಹಾರದ ಆಯ್ಕೆ ಸಿಗುವ ನಿಯಮವಿರುವುದರಿಂದ, ಬಿಟ್ಟುಕೊಡುವುದೂ ಸಂಪೂರ್ಣ ನಷ್ಟವಲ್ಲ.

ಖರೀದಿಯ ವಿಷಯದಲ್ಲಿ ಹೇಳುವುದು ಕಡಿಮೆ. ಮೊದಲ ದಿನದ ಬೆಲೆಗಳು ಯಾವಾಗಲೂ ಉಬ್ಬಿರುತ್ತವೆ. ಡೆನ್ವರ್ ಮಯಾಮಿಯಿಂದ ಬಂದ ಸೇಫ್ಟಿ ಬ್ರ್ಯಾಂಡನ್ ಜೋನ್ಸ್ ಅವರಿಗೆ 3 ವರ್ಷಕ್ಕೆ 2 ಕೋಟಿ ಕೊಟ್ಟಿತು, ಜೆಟ್ಸ್‌ನಿಂದ ಜಾನ್ ಫ್ರ್ಯಾಂಕ್ಲಿನ್-ಮೈಯರ್ಸ್ ಅವರನ್ನು 2026ರ ಆರನೇ ಸುತ್ತಿನ ಒಂದು ಆಯ್ಕೆಗೆ ಪಡೆಯಿತು. ಎರಡೂ ಅಗ್ಗದ, ಒಳ್ಳೆಯ ವ್ಯವಹಾರಗಳು.

ಡ್ರಾಫ್ಟ್: ಅಗ್ಗದ ನಾಲ್ಕು ವರ್ಷಗಳು

ಏಪ್ರಿಲ್ ಕೊನೆಯಲ್ಲಿ ಏಳು ಸುತ್ತುಗಳ ಡ್ರಾಫ್ಟ್ ನಡೆಯುತ್ತದೆ. ಹಿಂದಿನ ವರ್ಷ ಕಡೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಇದರ ನಿಜವಾದ ಬೆಲೆ ತಿಳಿಯಬೇಕಾದರೆ 2011ರ ಬದಲಾವಣೆಯನ್ನು ನೋಡಬೇಕು. 2010ರಲ್ಲಿ ಮೊದಲಿಗರಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಸ್ಯಾಮ್ ಬ್ರ್ಯಾಡ್‌ಫರ್ಡ್ 6 ವರ್ಷಕ್ಕೆ 7.8 ಕೋಟಿ ಡಾಲರ್‌ನ ಒಪ್ಪಂದ ಪಡೆದರು, ಅದರಲ್ಲಿ 5 ಕೋಟಿ ಖಾತರಿ. ಮರುವರ್ಷ ಹೊಸಬರ ಸಂಬಳಕ್ಕೆ ನಿಗದಿತ ಪಟ್ಟಿ ಜಾರಿಯಾದಾಗ ಮೊದಲಿಗರಾದ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು 4 ವರ್ಷಕ್ಕೆ ಸುಮಾರು 2.2 ಕೋಟಿ. ಅಂದಿನಿಂದ ಅಗ್ಗದ ಒಪ್ಪಂದದಲ್ಲಿರುವ ಒಳ್ಳೆಯ ಕ್ವಾರ್ಟರ್‌ಬ್ಯಾಕ್‌ಗಿಂತ ಬೆಲೆಬಾಳುವ ಆಸ್ತಿ ಈ ಲೀಗ್‌ನಲ್ಲಿ ಇಲ್ಲ.

ಡೆನ್ವರ್‌ಗೆ 2024ರಲ್ಲಿ 12ನೇ ಸರದಿ ಇತ್ತು. ಎರಡನೇ ಸುತ್ತಿನ ಆಯ್ಕೆ ಇರಲಿಲ್ಲ, ಏಕೆಂದರೆ ಕೋಚ್ ಪೇಟನ್ ಅವರನ್ನು ನ್ಯೂ ಆರ್ಲಿಯನ್ಸ್‌ನಿಂದ ಬಿಡಿಸಿಕೊಳ್ಳಲು ಅದನ್ನು ಕೊಟ್ಟಾಗಿತ್ತು. ಹೊಸ ಕ್ವಾರ್ಟರ್‌ಬ್ಯಾಕ್‌ಗಾಗಿ ಸರದಿಯಲ್ಲಿ ಮುಂದಕ್ಕೆ ಹೋಗಬೇಕೇ ಎಂಬುದನ್ನು ಲೆಕ್ಕ ಹಾಕಲು ಡಲ್ಲಾಸ್ ಕೋಚ್ ಜಿಮ್ಮಿ ಜಾನ್ಸನ್ ಕಾಲದ ಅಂಕಪಟ್ಟಿ ಇಂದಿಗೂ ಎಲ್ಲರಿಗೂ ಗೊತ್ತು: ಮೊದಲ ಆಯ್ಕೆಗೆ 3000 ಅಂಕ, ಮೂರನೆಯದಕ್ಕೆ 2200, ಹನ್ನೆರಡನೆಯದಕ್ಕೆ 1200. ಡೆನ್ವರ್ 12ರಿಂದ 3ಕ್ಕೆ ಏರಲು 1000 ಅಂಕಗಳ ವ್ಯತ್ಯಾಸ ತುಂಬಬೇಕಿತ್ತು, ಎಂದರೆ ಮುಂದಿನ ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನು ಮತ್ತೆ ಕಳೆದುಕೊಳ್ಳಬೇಕಿತ್ತು. ಅಂಥ ವ್ಯವಹಾರ ಏನಾಗಬಹುದೆಂಬುದಕ್ಕೆ ಕರೊಲೈನಾ ಕಣ್ಣೆದುರಿಗೇ ಇತ್ತು. 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ಗಾಗಿ ಮೊದಲ ಸರದಿಗೆ ಏರಲು ಅದು ಶಿಕಾಗೊಗೆ ಕೊಟ್ಟಿದ್ದರಲ್ಲಿ 2024ರ ಮೊದಲ ಸುತ್ತಿನ ಆಯ್ಕೆಯೂ ಸೇರಿತ್ತು. ಕರೊಲೈನಾ ಕಡೆಯ ಸ್ಥಾನಕ್ಕೆ ಕುಸಿದದ್ದರಿಂದ ಅದೇ 2024ರ ಒಂದನೇ ಆಯ್ಕೆಯಾಗಿ, ಶಿಕಾಗೊ ಅದರಲ್ಲಿ ಕೇಲಬ್ ವಿಲಿಯಮ್ಸ್ ಅವರನ್ನು ತೆಗೆದುಕೊಂಡಿತು.

ಡೆನ್ವರ್ ಕುಳಿತಲ್ಲೇ ಕಾಯಿತು. ಮೊದಲ ಹತ್ತು ಸರದಿಗಳಲ್ಲಿ ಐವರು ಕ್ವಾರ್ಟರ್‌ಬ್ಯಾಕ್‌ಗಳು ಹೋದ ಮೇಲೂ ಅದಕ್ಕೆ ಆರನೆಯವರಾದ ಬೋ ನಿಕ್ಸ್ ಸಿಕ್ಕರು. ಕಾಲೇಜಿನಲ್ಲಿ ಆರಂಭಿಕ ಆಟಗಾರನಾಗಿ 61 ಪಂದ್ಯಗಳನ್ನು ಆಡಿದ ಅನುಭವ ಅವರದು. ಬೇಗ ಸಿದ್ಧವಾಗುವ ಆಟಗಾರ ಬೇಕಿದ್ದ ತಂಡಕ್ಕೆ ಇದು ಒಪ್ಪುವ ಆಯ್ಕೆ. ಅವರ 4 ವರ್ಷಗಳ ಒಪ್ಪಂದ ಸುಮಾರು 1.86 ಕೋಟಿ ಡಾಲರ್, ವಿಲ್ಸನ್ ಅವರ ಹೊಸ ಒಪ್ಪಂದದ ಒಂದು ವರ್ಷದ ಸರಾಸರಿಯ ಅರ್ಧಕ್ಕಿಂತ ಕಡಿಮೆ. ನಾಲ್ಕನೇ ಸುತ್ತಿನಲ್ಲಿ ಸಿಯಾಟಲ್ ಜೊತೆ ಸರದಿ ಬದಲಿಸಿಕೊಂಡು ಮುಂದಕ್ಕೆ ಬಂದು, ಆರೆಗಾನ್ ವಿಶ್ವವಿದ್ಯಾಲಯದಲ್ಲಿ ನಿಕ್ಸ್ ಎಸೆದ ಚೆಂಡು ಹಿಡಿಯುತ್ತಿದ್ದ ಟ್ರಾಯ್ ಫ್ರ್ಯಾಂಕ್ಲಿನ್ ಅವರನ್ನೂ ತಂಡ ಸೇರಿಸಿಕೊಂಡಿತು.

ಐದನೇ ವರ್ಷ ಮತ್ತು ಕೊನೆಯ ಕಡಿತ

ಮೊದಲ ಸುತ್ತಿನಲ್ಲಿ ಆಯ್ಕೆಯಾದವರಿಗೆ ಮೂರು ಋತು ಮುಗಿದ ಮೇ ತಿಂಗಳ ಆರಂಭದಲ್ಲಿ ಒಪ್ಪಂದವನ್ನು ಐದನೇ ವರ್ಷಕ್ಕೂ ಮುಂದುವರಿಸುವ ಅವಕಾಶವನ್ನು ತಂಡ ಬಳಸಬಹುದು. ಬಳಸಿದ ಕ್ಷಣದಿಂದ ಆ ಸಂಬಳ ಪೂರ್ತಿ ಖಾತರಿ. 2023ರಲ್ಲಿ ಜ್ಯೂಡಿಗೆ ಬಳಸಿದ್ದರಿಂದಲೇ ಆ 1.3 ಕೋಟಿ ಹುಟ್ಟಿತ್ತು. 2024ರಲ್ಲಿ ಕಾರ್ನರ್‌ಬ್ಯಾಕ್ ಪ್ಯಾಟ್ರಿಕ್ ಸರ್ಟೇನ್ ವಿಷಯದಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವಕಾಶ ಬಳಸಿದ ಮೇಲೆ ಸೆಪ್ಟೆಂಬರ್‌ನಲ್ಲಿ 4 ವರ್ಷಗಳ 9.6 ಕೋಟಿ ಡಾಲರ್ ವಿಸ್ತರಣೆಯೂ ಆಯಿತು, ಆ ಋತುವಿನ ಅತ್ಯುತ್ತಮ ರಕ್ಷಣಾ ಆಟಗಾರನೆಂಬ ಪ್ರಶಸ್ತಿಯೂ ಅವರಿಗೇ ಬಂತು.

ಬೇಸಿಗೆಯುದ್ದಕ್ಕೂ 90 ಮಂದಿ ಅಭ್ಯಾಸದಲ್ಲಿದ್ದರೂ ಹೆಚ್ಚು ಮೊತ್ತದ 51 ಒಪ್ಪಂದಗಳಷ್ಟೇ ಕ್ಯಾಪ್‌ಗೆ ಪೂರ್ತಿ ಲೆಕ್ಕವಾಗುತ್ತವೆ. ಆಗಸ್ಟ್ ಕೊನೆಯಲ್ಲಿ ಪಟ್ಟಿ 53ಕ್ಕೆ ಇಳಿಯುತ್ತದೆ, ಋತು ಆರಂಭವಾದೊಡನೆ ಪ್ರತಿಯೊಬ್ಬರ ಸಂಬಳವೂ ಲೆಕ್ಕಕ್ಕೆ ಬರುತ್ತದೆ, ಅದರ ಮೇಲೆ ಅಭ್ಯಾಸ ತಂಡದವರ ವೇತನ ಮತ್ತು ಗಾಯಾಳುಗಳ ಬದಲಿಗೆ ಬರುವವರ ಖರ್ಚು. ಆದ್ದರಿಂದ ಜುಲೈನಲ್ಲಿ ಕ್ಯಾಪ್‌ನಲ್ಲಿ ಕಾಣುವ ಜಾಗವನ್ನೆಲ್ಲ ಖರ್ಚು ಮಾಡುವಂತಿಲ್ಲ. ಡಿಸೆಂಬರ್‌ವರೆಗೆ ಸಾಕಾಗುವಷ್ಟನ್ನು ಮೀಸಲಿಡಬೇಕು. ಮಿಕ್ಕಿದ್ದನ್ನು ಮುಂದಿನ ವರ್ಷಕ್ಕೆ ಒಯ್ಯಲು ನಿಯಮದಲ್ಲಿ ಅವಕಾಶವಿದೆ. ಡೆನ್ವರ್ ಆ ಋತುವಿನಲ್ಲಿ 17ರಲ್ಲಿ 10 ಪಂದ್ಯ ಗೆದ್ದು, 2015ರ ಋತುವಿನ ನಂತರ ಮೊದಲ ಬಾರಿಗೆ ಪ್ಲೇಆಫ್ ತಲುಪಿ, ಅಲ್ಲಿ ಬಫಲೋ ಎದುರು 31-7ರಿಂದ ಸೋತಿತು. 2025ರ ಲೆಕ್ಕಕ್ಕೆ ಕುಳಿತಾಗ ವಿಲ್ಸನ್ ಅವರ ಹೆಸರಿನಲ್ಲಿ ಇನ್ನೂ 3.2 ಕೋಟಿ ಬಾಕಿಯಿತ್ತು.