ಬಾಟಲಿ ಮೇಲೆ 18, ಬಾಟಲಿ ಒಳಗೆ 21

ಇ-ಸಿಗರೇಟಿನ ದ್ರವದಲ್ಲಿ ನಿಕೊಟಿನ್ ಎಷ್ಟಿದೆ ಅಂತ ಅಳೆಯುವುದು ಕೆಲವು ವರ್ಷ ನನ್ನ ಕೆಲಸದ ಭಾಗವಾಗಿತ್ತು. ನವಿ ಮುಂಬಯಿಯ ಮಹಾಪೆ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಒಂದು ಖಾಸಗಿ ಟೆಸ್ಟಿಂಗ್ ಲ್ಯಾಬ್ ನಮ್ಮದು. ಔಷಧಿ, ಮಸಾಲೆ, ಕ್ರೀಮು, ಸೆಂಟು ಎಲ್ಲ ಪರೀಕ್ಷೆಗೆ ಬರುತ್ತಿತ್ತು. ಅದರ ಜೊತೆಗೆ ಈ ಬಣ್ಣಬಣ್ಣದ ಪುಟ್ಟ ಬಾಟಲಿಗಳೂ ಬರತೊಡಗಿದವು. ಕರ್ನಾಟಕದಲ್ಲಿ 2016ರಲ್ಲೇ ಇವುಗಳಿಗೆ ನಿಷೇಧ ಬಿತ್ತು. ಮಹಾರಾಷ್ಟ್ರದಲ್ಲಿ ಮಾರಾಟ ಇನ್ನೂ ನಡೆದಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ದೇಶಕ್ಕೆಲ್ಲ ನಿಷೇಧದ ಸುಗ್ರೀವಾಜ್ಞೆ ಹೊರಡಿಸಿತು, ವರ್ಷದ ಕೊನೆಗೆ ಅದು ಕಾಯ್ದೆಯೂ ಆಯಿತು. ಅಲ್ಲಿಗೆ ನಮ್ಮ ಆ ಕೆಲಸ ನಿಂತಿತು. ನಾನು ಹೇಳುವುದೆಲ್ಲ ಅದಕ್ಕೂ ಹಿಂದಿನದು.

ಮೊದಲು ಗ್ಲಿಸರಿನ್ ವಿಷಯ. ಈ ದ್ರವದಲ್ಲಿ ಬಹುಪಾಲು ಇರುವುದೇ ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಲ್ಯಾಬಿನಲ್ಲಿ ಎರಡನೆಯದಕ್ಕೆ ಪಿಜಿ ಅಂತಲೇ ಹೇಳುತ್ತೇವೆ. ಗ್ಲಿಸರಿನ್ ಮಂದ, ಜೇನಿನ ಹಾಗೆ ಇಳಿಯುತ್ತದೆ. ಪೈಪೆಟ್ಟಿನಲ್ಲಿ ಒಂದು ಮಿಲಿಲೀಟರ್ ಎಳೆದು ಬಿಟ್ಟರೆ ಒಂದಿಷ್ಟು ಗೋಡೆಗೆ ಅಂಟಿಕೊಂಡೇ ಇರುತ್ತದೆ. ಎಷ್ಟು ಉಳಿಯಿತು ಅನ್ನುವುದು ಪ್ರತಿ ಸಲವೂ ಬೇರೆ. ನಮ್ಮ ಲ್ಯಾಬಿನ ಹಿರಿಯರು ಉಡುಪಿ ಕಡೆಯವರು. ಅವರದ್ದು ಒಂದೇ ಮಾತು: "ಪೈಪೆಟ್ ಆಚೆ ಇಡು ಮಾರಾಯ್ತಿ. ತೂಕ ಹಾಕು. ತೂಕ ಸುಳ್ಳು ಹೇಳುವುದಿಲ್ಲ."

ಹಾಗಾಗಿ ಎಲ್ಲವೂ ತೂಕದಲ್ಲೇ. ಬಾಟಲಿಯನ್ನು ಮೊದಲು ಚೆನ್ನಾಗಿ ಅಲ್ಲಾಡಿಸಿ, ಗುಳ್ಳೆ ಇಳಿಯುವವರೆಗೆ ಬಿಡಬೇಕು. ಆಮೇಲೆ ಮುಚ್ಚಳವಿರುವ ಸಣ್ಣ ವಯಲ್‌ಗೆ ಸುಮಾರು 100 ಮಿಲಿಗ್ರಾಂ ಹಾಕಿ, ನಾಲ್ಕು ದಶಮಾಂಶದ ಬ್ಯಾಲೆನ್ಸಿನ ಮೇಲೆ ತೂಗಬೇಕು. ಅದಕ್ಕೆ ಐಸೋಪ್ರೊಪನಾಲ್ ಸೇರಿಸುತ್ತೇವೆ. ಅದರಲ್ಲಿ ಗೊತ್ತಿರುವಷ್ಟು ಹೆಪ್ಟಾಡೆಕೇನ್ ಮೊದಲೇ ಕಲಸಿರುತ್ತದೆ. ಇದು ಇಂಟರ್ನಲ್ ಸ್ಟ್ಯಾಂಡರ್ಡ್. ಯಂತ್ರ ಒಂದು ಸಲ ಸ್ವಲ್ಪ ಜಾಸ್ತಿ, ಇನ್ನೊಂದು ಸಲ ಸ್ವಲ್ಪ ಕಡಿಮೆ ಎಳೆದುಕೊಂಡರೂ ಇದರ ಜೊತೆ ಹೋಲಿಸಿ ನೋಡುವುದರಿಂದ ಲೆಕ್ಕ ತಪ್ಪುವುದಿಲ್ಲ. ಇದಿಷ್ಟು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ಗೆ ಹೋಗುತ್ತದೆ. ಒಳಗಿನ ಉದ್ದನೆಯ ಕೂದಲೆಳೆಯಂಥ ಕಾಲಂನಲ್ಲಿ ಪಿಜಿ, ಗ್ಲಿಸರಿನ್, ನಿಕೊಟಿನ್ ಬೇರೆ ಬೇರೆಯಾಗಿ, ಒಂದೊಂದೂ ತನ್ನ ಹೊತ್ತಿಗೆ ಹೊರಬರುತ್ತದೆ. ತೆರೆಯ ಮೇಲೆ ಒಂದೊಂದಕ್ಕೂ ಒಂದೊಂದು ಪೀಕ್, ಅಂದರೆ ಗೆರೆ ಏರಿ ಇಳಿದ ಶಿಖರ. ನಾವು ಶುರು ಮಾಡಿದಾಗ ಇ-ದ್ರವಕ್ಕೆಂದೇ ಅಂತಾರಾಷ್ಟ್ರೀಯ ಮಾನದಂಡ ಸಂಸ್ಥೆಯ (ಐಎಸ್‌ಒ) ವಿಧಾನ ಇರಲಿಲ್ಲ. ಐಎಸ್‌ಒ 20714 ಬಂದದ್ದು 2019ರಲ್ಲಿ. ಸಿಗರೇಟಿನ ಹೊಗೆಯ ನಿಕೊಟಿನ್ ಅಳೆಯಲು ಇದ್ದ ಹಳೆಯ ವಿಧಾನವನ್ನೇ ಆಧಾರವಾಗಿ ಇಟ್ಟುಕೊಂಡು, ನಮ್ಮದೇ ವಿಧಾನ ಕಟ್ಟಿ, ಸರಿಯಿದೆಯಾ ಅಂತ ಪರೀಕ್ಷಿಸಿಕೊಂಡೆವು.

ಹೋಲಿಕೆಗೆ ಬಳಸುವ, ನಿಕೊಟಿನ್ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಶುದ್ಧ ನಿಕೊಟಿನ್ ದ್ರವ ಗಾಳಿ, ಬೆಳಕು ತಾಗಿದರೆ ಹಳದಿಯಾಗಿ, ಆಮೇಲೆ ಕಂದಾಗಿ ಕೆಡುತ್ತದೆ. ಅದಕ್ಕೇ ನಾವು ಟಾರ್ಟ್ರೇಟ್ ಲವಣದ ಪುಡಿ ತರಿಸುತ್ತಿದ್ದೆವು. ಅದು ಕೆಡುವುದಿಲ್ಲ, ತೂಗಲೂ ಸುಲಭ. ಆದರೆ ಆ ಪುಡಿ 100 ಮಿಲಿಗ್ರಾಂ ತೂಗಿದರೆ ಅದರಲ್ಲಿ ನಿಕೊಟಿನ್ ಇರುವುದು 32.5 ಮಿಲಿಗ್ರಾಂ ಮಾತ್ರ. ಉಳಿದದ್ದು ಟಾರ್ಟಾರಿಕ್ ಆಮ್ಲ ಮತ್ತು ನೀರು. ಈ ಲೆಕ್ಕ ಬಿಟ್ಟರೆ ರಿಪೋರ್ಟಿನ ಅಂಕಿ ಮೂರು ಪಟ್ಟು ಹಾರುತ್ತದೆ.

ಈಗ 18ರ ಕಥೆ. ಪುಣೆಯಲ್ಲಿ ಸಣ್ಣದಾಗಿ ದ್ರವ ಕಲಸಿ ಮಾರುತ್ತಿದ್ದ ಒಬ್ಬ ಹುಡುಗ ಬಾಟಲಿ ತಂದಿದ್ದ. ಮನೆಯವರು ಹುಬ್ಬಳ್ಳಿ ಕಡೆಯವರು. ಲೇಬಲ್ ಮೇಲೆ ಮಿಲಿಲೀಟರಿಗೆ 18 ಮಿಲಿಗ್ರಾಂ ಅಂತ ಅಚ್ಚುಕಟ್ಟಾಗಿ ಅಚ್ಚಾಗಿತ್ತು. ನಮ್ಮ ರಿಪೋರ್ಟ್ 21 ಅಂತ ಬಂತು. ಮತ್ತೆ ತೂಗಿ, ಮತ್ತೆ ಓಡಿಸಿದರೂ ಅಷ್ಟೇ. ಅವನಿಗೆ ನಂಬಲಾಗಲಿಲ್ಲ.

"ಮೇಡಂ, ನನ್ನ ಕಾಟಾ ಬರೋಬ್ಬರಿ ಐತ್ರಿ. ಕೆಜಿಗೆ 18 ಗ್ರಾಂ ಹಾಕೇನ್ರಿ. ಒಂದು ಗ್ರಾಂನೂ ಹೆಚ್ಚಿಲ್ರಿ."

ಅವನು ಹೇಳಿದ್ದು ನಿಜ. ಕೆಜಿಗೆ 18 ಗ್ರಾಂ ಹಾಕಿದ್ದ. ಆದರೆ ಅವನ ದ್ರವದಲ್ಲಿ ಗ್ಲಿಸರಿನ್ 60 ಪಾಲು, ಪಿಜಿ 40 ಪಾಲು. ಗ್ಲಿಸರಿನ್ ಒಂದು ಮಿಲಿಲೀಟರ್ 1.26 ಗ್ರಾಂ ತೂಗುತ್ತದೆ, ಪಿಜಿ 1.04ರ ಹತ್ತಿರ. ಎರಡೂ ಸೇರಿ ಒಂದು ಮಿಲಿಲೀಟರ್ ಸುಮಾರು 1.17 ಗ್ರಾಂ. ಅಂದರೆ ಒಂದು ಕೆಜಿ ದ್ರವ ಒಂದು ಲೀಟರ್ ಆಗುವುದಿಲ್ಲ, 855 ಮಿಲಿಲೀಟರಿನಷ್ಟೇ ಆಗುತ್ತದೆ. ಅವನು ಹಾಕಿದ 18 ಗ್ರಾಂ ಪೂರ್ತಿ ಅಷ್ಟರಲ್ಲೇ ಕೂತಿತ್ತು. 18 ಇಂಟು 1.17 ಅಂದರೆ 21. ತೂಗಿದ್ದು ಗ್ರಾಂನಲ್ಲಿ, ಬರೆದದ್ದು ಮಿಲಿಲೀಟರಿನಲ್ಲಿ. ನೂರಕ್ಕೆ ಹದಿನೇಳು ಜಾಸ್ತಿ! ಅಮೆರಿಕದ ತಯಾರಕರ ಒಂದು ಸಂಘ ತನ್ನ ಸದಸ್ಯರಿಗೆ ಹಾಕಿಕೊಂಡಿದ್ದ ಮಿತಿ ಹೆಚ್ಚೆಂದರೆ ಶೇ. 10 ಅತ್ತಿತ್ತ. ಯುರೋಪ್ ಒಕ್ಕೂಟದ ನಿಯಮದಲ್ಲಿ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟುವ ಹಾಗೇ ಇಲ್ಲ. ಇವನ ಬಾಟಲಿ ಎರಡನ್ನೂ ದಾಟಿತ್ತು, ಅದೂ ಒಳ್ಳೆಯ ತಕ್ಕಡಿ ಇಟ್ಟುಕೊಂಡು, ಮೋಸದ ಯೋಚನೆಯೇ ಇಲ್ಲದೆ. ಅವನ ಮುಂದೆಯೇ ಕಾಗದದ ಮೇಲೆ ಲೆಕ್ಕ ಬಿಡಿಸಿ ತೋರಿಸಿದೆ. ಮುಂದಿನ ಬ್ಯಾಚಿನಿಂದ ಸರಿಮಾಡಿಕೊಂಡ.

ನಾನು ಅಲ್ಲಿ ಇದ್ದಷ್ಟು ದಿನ ಜಾಸ್ತಿ ನೋಡಿದ್ದು ಇಂಥ ತಪ್ಪುಗಳನ್ನೇ. ಲೇಬಲ್ ತಪ್ಪು ಅಂದ ಕೂಡಲೇ ಕಳ್ಳತನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಅಂಕಿ ಸರಿಯಾಗಿಯೇ ಇರುತ್ತದೆ, ಅದು ಯಾವುದರ ಅಂಕಿ ಅನ್ನುವುದೇ ತಪ್ಪಿರುತ್ತದೆ. ಶೇಕಡ ಲೆಕ್ಕ ಬಂತೆಂದರೆ ಇನ್ನೂ ಗೋಜಲು. ಅಮೆರಿಕದ ಇ-ಸಿಗರೇಟು ಕಂಪನಿ ಜೂಲ್ 5 ಪರ್ಸೆಂಟ್ ಅಂತ ಹೇಳಿದ್ದು ತೂಕದ ಲೆಕ್ಕದಲ್ಲಿ. ಮಿಲಿಲೀಟರಿಗೆ ಅದು ಸುಮಾರು 59 ಮಿಲಿಗ್ರಾಂ. 5 ಅಂತ ಓದಿದವನಿಗೆ ಅದು 18ಕ್ಕಿಂತ ಕಡಿಮೆ ಅಂತಲೇ ಅನ್ನಿಸುತ್ತದೆ, ಅಲ್ವಾ? ನಿಜಕ್ಕೂ ಅದು ಮೂರು ಪಟ್ಟಿಗಿಂತ ಜಾಸ್ತಿ.

ನಿಕೊಟಿನ್ ಸಾಲ್ಟ್ ಬಂದ ಮೇಲೆ ಮತ್ತೊಂದು ತೊಡಕು. ನಿಕೊಟಿನ್ ಜೊತೆ ಬೆಂಜೋಯಿಕ್ ಆಮ್ಲ ಸೇರಿಸಿದರೆ ಗಂಟಲಿಗೆ ಕಾರ ಹತ್ತುವುದಿಲ್ಲ. ಎಷ್ಟೇ ಗಾಢವಾಗಿದ್ದರೂ ಸಲೀಸಾಗಿ ಎಳೆಯಬಹುದು. ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಇದೇ. ಮೊದಲಾದರೆ ಜಾಸ್ತಿಯಾದರೆ ಕೆಮ್ಮು ಬಂದು ತಡೆಯುತ್ತಿತ್ತು. ಈಗ ಆ ತಡೆಯೇ ಇಲ್ಲ. ಲೇಬಲ್ ಮೇಲೆ ಬರೆದ ಮಿಲಿಗ್ರಾಂ ಬರೀ ನಿಕೊಟಿನ್‌ನದೋ, ಆಮ್ಲ ಸೇರಿದ ಲವಣದ್ದೋ ಅಂತ ಕೇಳಿದರೆ ತಂದವರಿಗೇ ಗೊತ್ತಿರುತ್ತಿರಲಿಲ್ಲ. ಬೆಂಜೋಯೇಟ್ ಲವಣದಲ್ಲಿ ನಿಕೊಟಿನ್ ಪಾಲು ಶೇ. 57ರಷ್ಟು. ಅಂದರೆ ಉತ್ತರದಲ್ಲಿ ಹೆಚ್ಚುಕಡಿಮೆ ಅರ್ಧಕ್ಕರ್ಧ ವ್ಯತ್ಯಾಸ.

ಸಣ್ಣ ತಯಾರಕರು ಮನೆಯಲ್ಲಿ ನೋಡಿಕೊಳ್ಳಲು ಒಂದು ಟೆಸ್ಟ್ ಕಿಟ್ ಇಟ್ಟುಕೊಂಡಿರುತ್ತಿದ್ದರು. ಆಮ್ಲ ತಾಗಿದರೆ ಬಣ್ಣ ಬದಲಿಸುವ ಬ್ರೊಮೊಥೈಮಾಲ್ ಬ್ಲೂ ಹಾಕಿ, 0.1 ನಾರ್ಮಲ್ ಗಾಢತೆಯ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುತ್ತಾ ಹೋಗುವುದು. ನೀಲಿ ಹೋಗಿ ಹಳದಿಯಾದಾಗ ನಿಲ್ಲಿಸುವುದು. ಒಂದು ಮಿಲಿಲೀಟರ್ ಆಮ್ಲ ಖರ್ಚಾದರೆ 16.2 ಮಿಲಿಗ್ರಾಂ ನಿಕೊಟಿನ್ ಇದೆ ಅಂತ ಲೆಕ್ಕ. ಸಾದಾ ನಿಕೊಟಿನ್‌ಗೆ ಇದು ನಿಜಕ್ಕೂ ಒಳ್ಳೆಯ ಕಿಟ್, ಕೈ ಪಳಗಿದ್ದರೆ ಲ್ಯಾಬಿನ ಅಂಕಿಗೆ ಹತ್ತಿರವೇ ಬರುತ್ತದೆ. ಆದರೆ ಸಾಲ್ಟಿಗೆ ಇದು ನಡೆಯುವುದಿಲ್ಲ. ಅಲ್ಲಿ ನಿಕೊಟಿನ್ ಮೊದಲೇ ಆಮ್ಲದ ಜೊತೆ ಸೇರಿಬಿಟ್ಟಿರುತ್ತದೆ. ಎರಡು ಹನಿ ಬಿಡುವಷ್ಟರಲ್ಲಿ ಹಳದಿ. ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ದ್ರವವನ್ನು ಆ ಕಿಟ್ "ಏನೂ ಇಲ್ಲ" ಅಂತ ಹೇಳಿಬಿಡುತ್ತದೆ.

ನಿಕೊಟಿನ್ ಸೊನ್ನೆ ಅಂತ ಬರೆದ ಬಾಟಲಿಯಲ್ಲೂ ಸಣ್ಣ ಪೀಕ್ ಕಂಡದ್ದಿದೆ. ಅದೇ ಪಾತ್ರೆಯಲ್ಲಿ ಮೊದಲು ನಿಕೊಟಿನ್ ಬ್ಯಾಚ್ ಕಲಸಿ ಸರಿಯಾಗಿ ತೊಳೆಯದಿದ್ದರೆ ಅಷ್ಟು ಸಾಕು. ತಂಬಾಕಿನ ಪರಿಮಳಕ್ಕೆ ನಿಜವಾದ ಎಲೆಯ ಸಾರ ಹಾಕಿದರೂ ಅಷ್ಟೇ. ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. 2009ರಲ್ಲಿ ಅಮೆರಿಕದ ಆಹಾರ-ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪರೀಕ್ಷಿಸಿದಾಗ, ನಿಕೊಟಿನ್ ಇಲ್ಲ ಅಂತ ಬರೆದಿದ್ದ ಕಾರ್ಟ್ರಿಜ್‌ಗಳಲ್ಲಿ ಒಂದನ್ನು ಬಿಟ್ಟು ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಕೊಟಿನ್ ಸಿಕ್ಕಿತು.

ಆಗಲೇ ಒಂದು ಕಾರ್ಟ್ರಿಜ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಅನ್ನುವ ವಿಷವೂ ಸಿಕ್ಕಿತ್ತು. ಮುಂಬಯಿಯಲ್ಲಿ ಕೆಮಿಸ್ಟ್ರಿ ಕೆಲಸ ಮಾಡುವ ಯಾರೂ ಆ ಹೆಸರನ್ನು ಸುಮ್ನೆ ದಾಟಿ ಹೋಗುವ ಹಾಗಿಲ್ಲ. 1986ರಲ್ಲಿ ಇಲ್ಲಿನ ಜೆಜೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಕೊಟ್ಟ ಗ್ಲಿಸರಿನ್‌ನಲ್ಲಿ ಅದು ಬೆರೆತಿತ್ತು. ಮೂತ್ರಪಿಂಡ ಸೋತು 14 ಜನ ಸತ್ತರು. ಔಷಧಿಗೆ ಬೇಕಾದ ಗ್ಲಿಸರಿನ್ ಜಾಗಕ್ಕೆ ಕಾರ್ಖಾನೆಗೆ ಬಳಸುವಂಥದ್ದು ಬಂದಿತ್ತು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ತನಿಖೆ ನಡೆಸಿತು. ಗ್ಲಿಸರಿನ್, ಡೈಎಥಿಲೀನ್ ಗ್ಲೈಕಾಲ್ ಎರಡೂ ನೋಡಲು ಒಂದೇ ಥರ, ಮಂದ, ಸಿಹಿ, ಬಣ್ಣವಿಲ್ಲ. ಕಣ್ಣಿಗೆ, ಮೂಗಿಗೆ ಗೊತ್ತಾಗುವುದೇ ಇಲ್ಲ. ಅದಕ್ಕೇ ನಿಕೊಟಿನ್ ಒಂದನ್ನೇ ನೋಡಿಕೊಡಿ ಅಂತ ಬಂದವರಿಗೂ, ಗ್ಲಿಸರಿನ್ ಡ್ರಮ್ ಯಾವ ದರ್ಜೆಯದು, ಅದರ ಸರ್ಟಿಫಿಕೇಟ್ ಎಲ್ಲಿ ಅಂತ ನಾವು ಕೇಳಿಯೇ ಕೇಳುತ್ತಿದ್ದೆವು. ಔಷಧಿ ದರ್ಜೆಯ ಗ್ಲಿಸರಿನ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಶೇ. 0.1 ದಾಟಬಾರದು. ಸುವಾಸನೆಯ ಮಾತೂ ಇದೇ. ಬೆಣ್ಣೆ ಪರಿಮಳ ಕೊಡುವ ಡೈಅಸಿಟೈಲ್ ತಿನ್ನುವುದರಲ್ಲಿ ನಡೆಯುತ್ತದೆ. ಅದರ ಆವಿಯನ್ನೇ ಉಸಿರಾಡುತ್ತಿದ್ದ ಅಮೆರಿಕದ ಪಾಪ್‌ಕಾರ್ನ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಕೆಟ್ಟಿತು. ತಿನ್ನಲು ಒಪ್ಪಿಗೆ ಇದೆ ಅಂದರೆ ಎಳೆಯಲೂ ಒಪ್ಪಿಗೆ ಅಂತ ಅರ್ಥವಲ್ಲ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಗ್ಲಿಸರಿನ್, ಪಿಜಿ ಎರಡೂ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಜುಲೈನ ಮುಂಬಯಿಯಲ್ಲಿ ಮುಚ್ಚಳ ತೆಗೆದಿಟ್ಟ ಡ್ರಮ್ಮಿಗೆ ನೀರು ತಾನಾಗಿ ಸೇರುತ್ತದೆ. ನಾವು ಕಾರ್ಲ್ ಫಿಶರ್ ಯಂತ್ರದಲ್ಲಿ ನೀರನ್ನೂ ನೋಡಿ ಬರೆಯುತ್ತಿದ್ದೆವು.

ಸುರಕ್ಷತೆಯ ಮಾತಿಗೆ ಬರುತ್ತೇನೆ. ನಾನು ನಿಪ್ಪಾಣಿಯವಳು. ಹೊಗೆಸೊಪ್ಪಿನ ಊರು. ಹೊಲದಲ್ಲಿ ಒದ್ದೆ ಎಲೆ ಮುರಿಯುವವರಿಗೆ ತಲೆ ಸುತ್ತಿ ವಾಂತಿಯಾಗುವುದಕ್ಕೆ ಕಾರಣ ನಿಕೊಟಿನ್. ಬೀಡಿ ಸೇದದವರಿಗೂ ಹೀಗಾಗುತ್ತದೆ, ಯಾಕೆಂದರೆ ಅದು ಚರ್ಮದಿಂದಲೇ ಒಳಗೆ ಹೋಗುತ್ತದೆ. ಎಲೆಯಲ್ಲಿರುವುದೇ ಹೀಗೆ ಮಾಡಿದರೆ ಬಾಟಲಿಯಲ್ಲಿರುವ ಗಾಢ ನಿಕೊಟಿನ್ ಏನು ಮಾಡೀತು! ಲ್ಯಾಬಿನಲ್ಲಿ ನೈಟ್ರೈಲ್ ಗ್ಲೌಸ್, ಕನ್ನಡಕ, ಫ್ಯೂಮ್ ಹುಡ್ ಇಲ್ಲದೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಸೋಪು ಹಾಕಿ, ಧಾರಾಳವಾಗಿ ನೀರಿನಲ್ಲಿ ತೊಳೆಯಬೇಕು. ಆದರೆ ಮನೆಯಲ್ಲಿ ಕಲಸುವ ಹುಡುಗರು ಅಡುಗೆಮನೆ ಕಟ್ಟೆಯ ಮೇಲೇ ಬರಿಗೈಯಲ್ಲಿ ಸಿರಿಂಜ್ ಹಿಡಿದು ಕೂರುತ್ತಿದ್ದರು. ಹಾಗಂತ ಅವರೇ ಬಂದು ಹೇಳಿದ್ದಾರೆ.

ಮಕ್ಕಳಿರುವ ಮನೆಯಲ್ಲಿ ಇದು ಇನ್ನೂ ದೊಡ್ಡ ವಿಷಯ. ಮಾವಿನಹಣ್ಣಿನ ವಾಸನೆ, ಸಿಹಿ ರುಚಿ, ಬಣ್ಣದ ಬಾಟಲಿ. 18 ಮಿಲಿಗ್ರಾಂನ ದ್ರವ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್, ಕುಡಿದರೆ 90 ಮಿಲಿಗ್ರಾಂ ನಿಕೊಟಿನ್ ಹೊಟ್ಟೆಗೆ ಹೋಯಿತು. ದೊಡ್ಡವರನ್ನು ಕೊಲ್ಲಲು ಎಷ್ಟು ಬೇಕು ಅನ್ನುವುದರ ಬಗ್ಗೆ ತಜ್ಞರಲ್ಲಿ ವಾದವಿದೆ. ಹಳೆಯ ಪುಸ್ತಕಗಳು 60 ಮಿಲಿಗ್ರಾಂ ಅನ್ನುತ್ತವೆ, 2014ರಲ್ಲಿ ಆಸ್ಟ್ರಿಯದ ವಿಜ್ಞಾನಿಯೊಬ್ಬರು ಅರ್ಧ ಗ್ರಾಂಗಿಂತ ಜಾಸ್ತಿ ಬೇಕು ಅಂತ ತೋರಿಸಿದರು. ಆ ವಾದದಿಂದ ಪುಟ್ಟ ಮಗುವಿಗೆ ಏನೂ ಉಪಯೋಗವಿಲ್ಲ. 2014ರ ಡಿಸೆಂಬರ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಈ ದ್ರವ ಕುಡಿದು ತೀರಿಕೊಂಡಿತು. ಮಕ್ಕಳ ಕೈಗೆ ತೆರೆಯದಂಥ ಮುಚ್ಚಳ ಇರಲೇಬೇಕು ಅನ್ನುವ ಕಾನೂನಿಗೆ ಅಲ್ಲಿ 2016ರ ಜನವರಿಯಲ್ಲಿ ಸಹಿ ಬಿತ್ತು. ನಮ್ಮಲ್ಲಿಗೆ ಬರುತ್ತಿದ್ದ ಬಾಟಲಿಗಳ ಮುಚ್ಚಳ ಬೆರಳಿನಿಂದ ಸುಮ್ನೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತಿತ್ತು. ಕೇಳದಿದ್ದರೂ ರಿಪೋರ್ಟಿನ ಜೊತೆಗೆ ಇದನ್ನೂ ಬರೆದು ಕಳಿಸುತ್ತಿದ್ದೆ. ಮಗು ಕುಡಿದಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗಬೇಡಿ. ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಓಡಿ. ಜೊಲ್ಲು, ಬೆವರು, ಬಿಳಿಚಿದ ಮುಖ, ವಾಂತಿ ಮೊದಲು ಕಾಣುತ್ತವೆ. ಉಸಿರಾಟಕ್ಕೆ ತೊಂದರೆ ಆಮೇಲೆ ಬರುತ್ತದೆ. ಅಲ್ಲಿಯವರೆಗೆ ಕಾಯಬಾರದು.

ನಿಷೇಧ ಬಂದಾಗ ನನಗೆ ಬೇಜಾರಾಗಲಿಲ್ಲ. ತಕ್ಕಡಿಯೂ ಇಲ್ಲದೆ ಕಲಸುವವರನ್ನು ಅಷ್ಟು ನೋಡಿದ್ದೆ. ಆದರೆ ಆಮೇಲೂ ವಸ್ತು ಕದ್ದುಮುಚ್ಚಿ ಬರುತ್ತಲೇ ಇದೆ. ಮೊದಲು ಹತ್ತರಲ್ಲಿ ಒಬ್ಬನಾದರೂ ಲ್ಯಾಬಿಗೆ ಬರುತ್ತಿದ್ದ, ಈಗ ಬರುವವರೇ ಇಲ್ಲ. ಕಾಯ್ದೆಯ ಪ್ರಕಾರ ಮಾರಿದವನಿಗೆ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಂಥವನು ಲೇಬಲ್ ಸರಿಯಿದೆಯಾ ಅಂತ ಯಾಕೆ ನೋಡಿಸಿಯಾನು?

ನಾನಿರುವ ಡೊಂಬಿವಲಿಯಲ್ಲಿ ಕನ್ನಡದವರ ಮನೆಗಳು ಬೇಕಾದಷ್ಟಿವೆ. ನಾನು ಏನು ಕೆಲಸ ಮಾಡುತ್ತೇನೆ ಅಂತ ಗೊತ್ತಿರುವುದರಿಂದ ತಾಯಂದಿರು ಕೇಳುತ್ತಾರೆ. ಮೊನ್ನೆ ಒಬ್ಬರು ಮಗನ ಬ್ಯಾಗಿನಲ್ಲಿ ಸಿಕ್ಕಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದರು. ಹೈಲೈಟರ್ ಪೆನ್ನಿನ ಅಳತೆಯ ಡಿಸ್ಪೋಸಬಲ್. "ಅಕ್ಕಾ, ಇದರಲ್ಲಿ ಬರೀ ಫ್ಲೇವರ್ ಅಂತೆ, ನಿಕೊಟಿನ್ ಇಲ್ವಂತೆ. ಹೌದಾ? ಟೆಸ್ಟ್ ಮಾಡಿ ಹೇಳ್ತೀರಾ?"

ತಿರುಗಿಸಿ ನೋಡಿದೆ. ಒಂದು ಕಡೆ ದೊಡ್ಡದಾಗಿ ಹಣ್ಣಿನ ಚಿತ್ರ. ಇನ್ನೊಂದು ಕಡೆ ಸಣ್ಣ ಅಕ್ಷರದಲ್ಲಿ 5%. ಎಷ್ಟು ಮಿಲಿಗ್ರಾಂ ಅಂತ ಇಲ್ಲ, ತೂಕದ್ದೋ ಅಳತೆಯದ್ದೋ ಅಂತ ಇಲ್ಲ, ಮಾಡಿದವರ ವಿಳಾಸವೂ ಇಲ್ಲ. ಟೆಸ್ಟ್ ಮಾಡಲು ಆಗುವುದಿಲ್ಲ ಅಂದೆ. ಮಾಡುವ ಅಗತ್ಯವೂ ಇಲ್ಲ, ನಿಕೊಟಿನ್ ಇದೆ ಅಂತ ಅದೇ ಹೇಳುತ್ತಿದೆ ಅಂತ ಆ 5% ತೋರಿಸಿದೆ. ಅವರ ಮುಖ ಸಣ್ಣಗಾಯಿತು. ಹುಡುಗನನ್ನು ಬೈಯಬೇಡಿ, ಅವನಿಗೂ ಇದು ಗೊತ್ತಿರಲಿಕ್ಕಿಲ್ಲ ಅಂದೆ. ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನಿಸುತ್ತದಾ, ಸಿಗದಿದ್ದರೆ ಸಿಡುಕುತ್ತಾನಾ ಅಂತ ಕೇಳಿದೆ. ಹೂಂ ಅಂದರು.

ಹಾಗಾದರೆ ಒಬ್ಬನೇ ಬಿಡಲು ಕಷ್ಟಪಡುತ್ತಾನೆ. 1800 11 2356ಕ್ಕೆ ಫೋನ್ ಮಾಡಿಸಿ ಅಂತ ಬರೆದುಕೊಟ್ಟೆ. ತಂಬಾಕು, ನಿಕೊಟಿನ್ ಬಿಡಿಸಲು ಸರ್ಕಾರ ನಡೆಸುವ ಸಹಾಯವಾಣಿ, ದುಡ್ಡಿಲ್ಲ. ಬೇಕು ಅನ್ನಿಸಿದರೆ ಡಾಕ್ಟರು ನಿಕೊಟಿನ್ ಗಮ್ ಕೊಡುತ್ತಾರೆ. ಅದರಲ್ಲಿ ನಿಕೊಟಿನ್ ರಾಳಕ್ಕೆ ಕಟ್ಟಿಕೊಂಡಿರುತ್ತದೆ, ಅಗಿದ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಔಷಧಿ ಕಾನೂನಿನ ಕೆಳಗೆ ಬರುವ ಸರಕು ಅದು. ಮಾಡುವವರಿಗೆ ಲೈಸೆನ್ಸ್ ಇರಬೇಕು, ಪ್ರತಿ ಬ್ಯಾಚಿಗೂ ನಂಬರ್ ಇರಬೇಕು. "ಅದೂ ನಿಕೊಟಿನ್ನೇ ಅಲ್ವಾ ಅಕ್ಕಾ?" ಅಂತ ಅವರು ಕೇಳಿದರು. ಹೌದು, ನಿಕೊಟಿನ್ನೇ. ಆದರೆ ಅದರ ಮೇಲೆ ಒಂದು ತುಂಡಿಗೆ 2 ಮಿಲಿಗ್ರಾಂ ಅಂತ ಬರೆದಿರುತ್ತದೆ, ಆ 2ನ್ನು ಯಾರೋ ಒಬ್ಬರು ತೂಕ ಹಾಕಿ, ಅಳೆದು, ಸಹಿ ಮಾಡಿರುತ್ತಾರೆ ಅಂದೆ.