ಬುಧನ ಕಕ್ಷೆಯ 43 ಸೆಕೆಂಡುಗಳನ್ನು ತರಗತಿಯಲ್ಲಿ ಲೆಕ್ಕ ಹಾಕಿದ ಬಗೆ

ಬಿ.ಎಸ್ಸಿ. ತರಗತಿಗೆ ಗುರುತ್ವದ ಪಾಠ ಮಾಡುವಾಗ ಗೆಲಿಲಿಯೊನಿಂದ ಐನ್‌ಸ್ಟೈನ್‌ವರೆಗಿನ ಹೆಸರುಗಳನ್ನು ಸಾಲಾಗಿ ಒಪ್ಪಿಸುವ ಬದಲು, ಬುಧ ಗ್ರಹದ ಕಕ್ಷೆಯೊಂದನ್ನೇ ಹಿಡಿದು ವಿದ್ಯಾರ್ಥಿಗಳೊಂದಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವುದನ್ನು ನಾನು ರೂಢಿಸಿಕೊಂಡಿದ್ದೇನೆ. ನ್ಯೂಟನ್ ನಿಯಮ ಎಲ್ಲಿಯವರೆಗೆ ಸಾಕು, ಎಲ್ಲಿಂದಾಚೆ ಸಾಲದು ಎಂಬುದು ಆಗ ಅಂಕಿಗಳಲ್ಲೇ ಕಾಣುತ್ತದೆ.

ಸೂರ್ಯ ಮತ್ತು ಬುಧ ಇಬ್ಬರೇ ಇದ್ದರೆ, 1687ರಲ್ಲಿ ಪ್ರಕಟವಾದ ನ್ಯೂಟನ್ ನಿಯಮದ ಪ್ರಕಾರ ಕಕ್ಷೆಯು ಕದಲದ ದೀರ್ಘವೃತ್ತ. ಆದ್ದರಿಂದ ಮೊದಲು ಇಷ್ಟನ್ನೇ ಪ್ರೋಗ್ರಾಮಿನಲ್ಲಿ ಬರೆದು, ಪುರರವಿ, ಅಂದರೆ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದು, ನಿಂತಲ್ಲೇ ನಿಲ್ಲುವವರೆಗೆ ಕಾಲದ ಹಂತವನ್ನು ಕಿರಿದು ಮಾಡುತ್ತೇವೆ. ಈ ಪರೀಕ್ಷೆ ಮುಗಿಯದೆ ಮುಂದಿನ ಯಾವ ಅಂಕಿಯನ್ನೂ ನಂಬಲಾಗದು. ಶುಕ್ರ, ಭೂಮಿ, ಗುರು ಮೊದಲಾದ ಗ್ರಹಗಳ ಸೆಳೆತವನ್ನು ಸೇರಿಸಿದರೆ ಆ ಬಿಂದು ಶತಮಾನಕ್ಕೆ ಸುಮಾರು 532 ಸೆಕೆಂಡು ಸರಿಯಬೇಕು (ಇದು ಕಾಲದ್ದಲ್ಲ, ಕೋನದ ಸೆಕೆಂಡು; ಒಂದು ಡಿಗ್ರಿಗೆ 3,600 ಸೆಕೆಂಡು). ವೀಕ್ಷಣೆಯಲ್ಲಿ ಸಿಗುವುದು 575ರ ಆಸುಪಾಸು.

ಈ ಬಾಕಿಯನ್ನು 1859ರಲ್ಲಿ ಎತ್ತಿ ತೋರಿಸಿದವರು ಫ್ರಾನ್ಸಿನ ಲ ವೆರಿಯೆ. ಅವರ ಲೆಕ್ಕಕ್ಕೆ ಅದು 38 ಸೆಕೆಂಡು. ಯುರೇನಸ್ ಚಲನೆಯ ಇಂಥದ್ದೇ ವ್ಯತ್ಯಾಸದಿಂದ ಅವರು ನೆಪ್ಚೂನ್ ಇರುವ ಸ್ಥಾನವನ್ನು ಹೇಳಿದ್ದರು, 1846ರಲ್ಲಿ ಬರ್ಲಿನ್ನಿನಲ್ಲಿ ಅದು ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ಸಿಕ್ಕಿತ್ತು. ಬುಧನಿಗೂ ಅದೇ ಮದ್ದು ಸಾಕೆಂದು ಸೂರ್ಯನ ಬಳಿ ಕಾಣದ ಗ್ರಹವೊಂದನ್ನು ಊಹಿಸಿದ್ದಾಯಿತು, ವಲ್ಕನ್ ಎಂದು ಹೆಸರಿಟ್ಟದ್ದೂ ಆಯಿತು. ಗ್ರಹ ಮಾತ್ರ ಸಿಗಲಿಲ್ಲ. ಇದನ್ನು ಅವಿವೇಕವೆಂದು ನಾನು ಕಲಿಸುವುದಿಲ್ಲ. ಒಮ್ಮೆ ಫಲ ಕೊಟ್ಟ ದಾರಿಯನ್ನು ಯಾರು ತಾನೇ ಬಿಟ್ಟಾರು?

1915ರ ನವೆಂಬರಿನಲ್ಲಿ ಐನ್‌ಸ್ಟೈನ್, ಗುರುತ್ವವನ್ನು ದೇಶಕಾಲದ ಬಾಗುವಿಕೆಯೆಂದು ಪರಿಗಣಿಸಿ, ಹೊಸ ಗ್ರಹದ ಹಂಗಿಲ್ಲದೆ 43 ಸೆಕೆಂಡುಗಳನ್ನು ಪಡೆದರು. ನಮ್ಮ ಪ್ರೋಗ್ರಾಮಿನಲ್ಲಿ ಇದು ನ್ಯೂಟನ್ ಬಲಕ್ಕೆ ಸೇರುವ, ಆ ಬಲದ್ದೇ ಒಂದು ಅಲ್ಪಾಂಶ; ಮೂಲ ಬಲದೊಂದಿಗೆ ಅದರ ಅನುಪಾತ ದೂರದ ವರ್ಗಕ್ಕೆ ವಿಲೋಮ. ಭೂಮಿ ಮತ್ತು ಸೂರ್ಯರ ಸರಾಸರಿ ದೂರವನ್ನು 1 ಎಂದಿಟ್ಟುಕೊಂಡರೆ ಬುಧನಿಗೆ ಅದರ ಗುಣಾಂಕ 0.000000011, ಇದನ್ನು ನೇರವಾಗಿ ಹಾಕಿದರೆ ಪರಿಣಾಮವು ಗಣನೆಯ ದೋಷದಲ್ಲೇ ಮುಳುಗಿಹೋಗುತ್ತದೆ. ಹಾಗಾಗಿ ಉಳಿದ ಗ್ರಹಗಳನ್ನು ತೆಗೆದುಹಾಕಿ, ಗುಣಾಂಕವನ್ನು ಬೇಕೆಂದೇ 0.0005, 0.001, 0.002 ಎಂದು ಹಿಗ್ಗಿಸಿ, ಪ್ರತಿ ಸಲವೂ ಪುರರವಿ ವರ್ಷಕ್ಕೆ ಎಷ್ಟು ಡಿಗ್ರಿ ಸರಿಯಿತೆಂದು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತೇವೆ. ಬಿಂದುಗಳು ಬಹುಮಟ್ಟಿಗೆ ಒಂದೇ ಸರಳರೇಖೆಯ ಮೇಲೆ ಬೀಳುತ್ತವೆ. ರೇಖೆಯ ಇಳಿಜಾರು ಸುಮಾರು 11,000. ಅದನ್ನು ನಿಜವಾದ ಗುಣಾಂಕದಿಂದ ಗುಣಿಸಿ, ಶತಮಾನಕ್ಕೂ ಸೆಕೆಂಡಿಗೂ ಪರಿವರ್ತಿಸಿದಾಗ ಉತ್ತರ 43ರ ಹತ್ತಿರಕ್ಕೆ ಬರುತ್ತದೆ.

ಬೇರೆ ಗ್ರಹಗಳಲ್ಲಿ ಇದು ಏಕೆ ಮೊದಲು ಕಾಣಲಿಲ್ಲವೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇದೇ ತಿದ್ದುಪಡಿ ಭೂಮಿಗೆ ಶತಮಾನಕ್ಕೆ 3.8 ಸೆಕೆಂಡು ಮಾತ್ರ. ಶುಕ್ರನಿಗೆ 8.6 ಇದ್ದರೂ, ಅದರ ಕಕ್ಷೆ ಹೆಚ್ಚುಕಡಿಮೆ ವೃತ್ತವೇ ಆಗಿರುವುದರಿಂದ ಪುರರವಿ ಎಲ್ಲಿದೆಯೆಂದು ನಿಖರವಾಗಿ ಗುರುತಿಸುವುದೇ ಕಷ್ಟ.